ಮೂಲಪ್ರತಿಯವರ ಕಾರು

ದಿನಾ ಬೆಳಿಗ್ಗೆ ಚಹಾ ತುಟಿಗೆ ತಾಗುವ ಮೊದಲು ಅವರು ಕಾರಿನ ನಂಬರು ತಾಳೆ ನೋಡುತ್ತಿದ್ದರು. ಮೈಯಲ್ಲಿ ಜ್ವರವಿರಲಿ, ಮನೆಯಲ್ಲಿ ನೆಂಟರಿರಲಿ, ಇದೊಂದು ತಪ್ಪಿದ್ದಿಲ್ಲ. ಶೆಡ್ಡಿನ ಬಾಗಿಲು ತೆಗೆದು, ಬಾನೆಟ್ಟು ಎತ್ತಿ ಕಡ್ಡಿ ಕೊಟ್ಟು, ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಎಂಜಿನ್ನಿನ ಮೇಲೆ ಕೆತ್ತಿದ ಅಂಕಿಗಳ ಮೇಲೆ ಬೆರಳಿಟ್ಟು ನಿಲ್ಲುತ್ತಿದ್ದರು. ಅಡುಗೆಮನೆಯ ಕಿಟಕಿ ಶೆಡ್ಡಿನ ಕಡೆಗೇ ಇತ್ತು. ಅಲ್ಲಿಂದ ಹೆಂಡತಿ ನೋಂದಣಿ ಪುಸ್ತಕ ನೋಡಿ ಒಂದೊಂದೇ ಅಂಕಿ ಕೂಗಬೇಕು.

“ಏಳು.”

“ಏಳು. ಮುಂದೆ.”

“ಸೊನ್ನೆ.”

“ಸೊನ್ನೆ. ಮುಂದೆ.”

ಆರು ಅಂಕಿಗಳೂ ಮುಗಿದು “ಸರಿ ಇದೆ” ಎಂದು ಅವರು ಬಾನೆಟ್ಟು ಇಳಿಸಿದರೆ ಆ ಮನೆಯಲ್ಲಿ ಬೆಳಗಾದ ಹಾಗೆ. ಕಬ್ಬಿಣದ ಮೇಲೆ ಕೆತ್ತಿದ ಅಂಕಿ ರಾತ್ರಿ ಎದ್ದು ಎಲ್ಲಿಗಾದರೂ ಹೋಗಿಬಿಡುತ್ತದೆಯೇ ಎಂದು ಹೆಂಡತಿ ಮೊದಮೊದಲು ಕೇಳಿದ್ದುಂಟು. ಆಮೇಲೆ ಕೇಳುವುದನ್ನೂ ಬಿಟ್ಟರು, ಪುಸ್ತಕ ತೆಗೆಯುವುದನ್ನೂ ಬಿಟ್ಟರು. ಹಾಲು ಉಕ್ಕದಂತೆ ನೋಡಿಕೊಳ್ಳುತ್ತಲೇ ಬಾಯಿಪಾಠದ ಪ್ರಾರ್ಥನೆಯ ಹಾಗೆ ಹೇಳಿ ಮುಗಿಸುತ್ತಿದ್ದರು. ಒಂದು ದಿನ ಮನಸ್ಸು ಎಲ್ಲೋ ಇದ್ದು, ಬಾಯಿಗೆ ತಮ್ಮ ಅಕ್ಕನ ಫೋನ್ ನಂಬರು ಬಂದುಬಿಟ್ಟಿತು. ಎರಡನೇ ಅಂಕಿಗೇ ಇವರು ಎದೆ ಹಿಡಿದುಕೊಂಡು ಶೆಡ್ಡಿನ ನೆಲದ ಮೇಲೆ ಕುಳಿತುಬಿಟ್ಟರು.

ಅವರನ್ನು ಹಂಗಿಸಿ ಫಲವಿಲ್ಲ. ಮೂವತ್ತನಾಲ್ಕು ವರ್ಷ ಅವರು ದಾಖಲೆ ಕಚೇರಿಯ ನಕಲು ವಿಭಾಗದಲ್ಲಿ ಕೆಲಸ ಮಾಡಿದವರು. ಅಲ್ಲಿಯ ಕ್ರಮವೇ ಹಾಗೆ. ಒಬ್ಬ ಮೂಲ ಕಾಗದವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ನಕಲಿನ ಮೇಲೆ ಬೆರಳು ಜಾರಿಸಬೇಕು, ಅಲ್ಪವಿರಾಮವನ್ನೂ ಬಾಯಿಬಿಟ್ಟು ಹೇಳಬೇಕು. ಕೊನೆಗೆ ‘ತಾಳೆ ನೋಡಿದೆ’ ಎಂದು ಇಬ್ಬರೂ ಸಹಿ ಹಾಕಬೇಕು. ಒಮ್ಮೆ ಇಲಿ ಕಡಿದ ಕಾಗದವೊಂದು ಬಂದಾಗ, ಆ ತೂತು ನಕಲಿನಲ್ಲಿ ಕಾಣುತ್ತಿಲ್ಲವೆಂದು ಕೆಳಗಿನ ಗುಮಾಸ್ತೆಗೆ ವಾಪಸು ಕೊಟ್ಟವರು ಅವರು. ಆಕೆ ಕತ್ತರಿ ತಂದು ಅದೇ ಅಳತೆಯ ತೂತು ಮಾಡಿಕೊಟ್ಟ ಮೇಲೆಯೇ ಸೀಲು ಬಿದ್ದಿತು. ಕಿಟಕಿಗೆ ಯಾರು ಬಂದರೂ ಅವರು ತಲೆಯೆತ್ತದೆ ಹೇಳುತ್ತಿದ್ದದ್ದು ಒಂದೇ ಮಾತು: “ಮೂಲಪ್ರತಿ ತೋರಿಸಿ.” ಹಾಗಾಗಿ ಕಚೇರಿಯಲ್ಲಿ, ಆಮೇಲೆ ಬೀದಿಯಲ್ಲಿ, ಆಮೇಲೆ ಬಂಧುಬಳಗದಲ್ಲಿ ಅವರು ಮೂಲಪ್ರತಿಯವರೇ ಆದರು.

ಕಾರು ನಿಜವಾಗಿ ಹೆಂಡತಿಯದು. ಆಕೆಯ ಅಪ್ಪ ಮನೆ ಕಟ್ಟಿಸುವ ಗುತ್ತಿಗೆದಾರ. ಕಾರನ್ನು ಕತ್ತೆಯ ಹಾಗೆ ದುಡಿಸಿದವರು. ಹಿಂದಿನ ಸೀಟಿನಲ್ಲಿ ಸಿಮೆಂಟು, ಡಿಕ್ಕಿಯಲ್ಲಿ ಕಬ್ಬಿಣದ ಸರಳು, ಮುಂದಿನ ಎಡಸೀಟಿನಲ್ಲಿ ಕಿರಿಯ ಮಗಳು. ಏನು ಮುರಿದರೂ ಕೈಗೆ ಸಿಕ್ಕಿದ್ದರಿಂದ ಸರಿಮಾಡಿ ಮುಂದೆ ಹೊರಡುತ್ತಿದ್ದರು. ಬಾಗಿಲ ಹಿಡಿಕೆ ಮುರಿದಾಗ ಕಪಾಟಿನ ಹಿಡಿಕೆ ಹಾಕಿದರು. ಅವರು ತೀರಿಕೊಂಡಾಗ ದೊಡ್ಡ ಮಗಳು ಹೊಲಿಗೆ ಯಂತ್ರ ತೆಗೆದುಕೊಂಡಳು, ಚಿಕ್ಕ ಮಗಳಿಗೆ ಕಾರು ಬಂತು. ಕಾರಿನ ಜೊತೆಗೆ ಅದರೊಳಗಿದ್ದ ನೆನಪುಗಳೂ ಬಂದವು. ಅಳಿಯ ಮೊದಲು ಮಾಡಿದ್ದೇ ಆ ನೆನಪುಗಳನ್ನು ಒಂದೊಂದಾಗಿ ಬಿಚ್ಚಿಸಿ ಗುಜರಿಗೆ ಹಾಕಿದ್ದು.

“ಕಪಾಟಿನ ಹಿಡಿಕೆ ಇರೋ ಕಾರು ಕಾರಲ್ಲ, ಕಪಾಟು,” ಎಂದರು.

“ಬಾಗಿಲು ತೆಗೆದ್ರೆ ಸಾಲದಾ?” ಎಂದರು ಹೆಂಡತಿ.

“ತೆಗೆಯೋದಲ್ಲ ಮುಖ್ಯ. ಯಾವುದರಿಂದ ತೆಗೀತೀವಿ ಅನ್ನೋದು ಮುಖ್ಯ.”

ನಿವೃತ್ತಿಯಾದ ಮೇಲೆ ಹಳೆ ಕಾರುಗಳ ಸಂಘ ಸೇರಿದರು. ಸಂಘದ ಅಧ್ಯಕ್ಷರು ಹಲ್ಲಿನ ಡಾಕ್ಟರು. ವಾರದ ಆರು ದಿನ ಊರವರ ಬಾಯಿಯೊಳಗೆ ಹೊಸ ಹಲ್ಲು ಕೂರಿಸಿ, ಏಳನೆಯ ದಿನ ಹಳೆ ಕಾರಿನಲ್ಲಿ ಹೊಸ ಸ್ಕ್ರೂ ಕಂಡರೆ ಬೆಂಕಿಯಾಗುತ್ತಿದ್ದರು. ಸಂಘದಲ್ಲಿ ಒಂದೇ ಕಾರ್ಖಾನೆಯ ಒಂದೇ ಮಾದರಿಯ ಇಪ್ಪತ್ತಾರು ಕಾರುಗಳು, ಅಷ್ಟೇ ಜನ ಸದಸ್ಯರು. ಒಬ್ಬರು ಸೀಟನ್ನು ಮೂಸಿ ಚರ್ಮ ಎಷ್ಟು ವರ್ಷದ್ದೆಂದು ಹೇಳುವವರು. ಇನ್ನೊಬ್ಬರು ಧೂಳೂ ಕಾರಿನ ಭಾಗವೆಂದು ಒರೆಸಲು ಬಿಡದವರು. ಪ್ರತಿವರ್ಷ ಶಾಲೆಯ ಮೈದಾನದಲ್ಲಿ ಕಾರುಗಳಿಗೆ ಪರೀಕ್ಷೆ ನಡೆಯುತ್ತಿತ್ತು. ನೂರಕ್ಕೆ ತೊಂಬತ್ತು ಬಂದರೆ ಚಿನ್ನದ ಅಂಚಿನ ‘ಅಸಲಿ ಪತ್ರ’. ಎಲ್ಲಕ್ಕಿಂತ ಹೆಚ್ಚು, ತೊಂಬತ್ತೆಂಟು ಅಂಕ ಪಡೆದ ಕಾರು ಹನ್ನೊಂದು ವರ್ಷದಿಂದ ಓಡಿರಲಿಲ್ಲ. ಅದು ಲಾರಿಯ ಮೇಲೆ ಬಂದು ಲಾರಿಯ ಮೇಲೆಯೇ ಹೋಗುತ್ತಿತ್ತು. ಎರಡು ಅಂಕ ಏಕೆ ಹೋಯಿತೆಂದು ಕೇಳಿದರೆ, ಟಯರಿನೊಳಗಿನ ಗಾಳಿ ಹೊಸದು ಎಂದು ಸದಸ್ಯರೇ ತಮಾಷೆ ಮಾಡಿಕೊಳ್ಳುತ್ತಿದ್ದರು. ತಮಾಷೆಯೋ ನಿಜವೋ ದೇವರೇ ಬಲ್ಲ.

ಮೂಲಪ್ರತಿಯವರ ಕಾರಿಗೆ ಮೊದಲ ವರ್ಷ ಎಂಬತ್ತೊಂದು ಬಂತು, ಎರಡನೆಯ ವರ್ಷ ಎಂಬತ್ತಾರು. ಆಗ ಅಧ್ಯಕ್ಷರು ಸಂಘದ ಕೈಪಿಡಿ ತೆರೆದು, ಕಾರ್ಖಾನೆಯ ಹಳೆಯ ಚಿತ್ರವೊಂದನ್ನು ತೋರಿಸಿದರು. ತೆರೆದ ಡಿಕ್ಕಿ, ನಡುವೆ ಸ್ಟೆಪ್ನಿ ಚಕ್ರ, ಎಡಗೋಡೆಗೆ ಬಿಗಿದ ಜಾಕ್. “ನಿಮ್ಮದು ಬಲಕ್ಕಿದೆ. ಯಾರೋ ಬದಲಾಯಿಸಿದ್ದಾರೆ.” ಹಾಗೆ ಬದಲಾದದ್ದು ಇವರದ್ದೊಂದೇ ಅಲ್ಲ. ಎಲ್ಲ ಸದಸ್ಯರ ಕಾರುಗಳಲ್ಲೂ ಜಾಕ್ ಬಲಕ್ಕೇ ಇತ್ತಂತೆ. ಇಪ್ಪತ್ತಾರು ಕಾರುಗಳನ್ನೂ ಯಾರೋ ಒಂದೇ ರೀತಿ ಕೆಡಿಸಿದ್ದು ಹೇಗೆಂದು ಯಾರೂ ಕೇಳಲಿಲ್ಲ. ಎಲ್ಲರೂ ತಗಡು ಕೊರೆಸಿ ಎಡಕ್ಕೆ ಹಾಕಿಸಿದರು.

ಕೊರೆಯುವ ದಿನ ಹೆಂಡತಿ ಶೆಡ್ಡಿನ ಬಾಗಿಲಲ್ಲಿ ನಿಂತು ಹೇಳಿದ್ದರು: “ರೀ, ನಮ್ಮಪ್ಪ ಯಾವಾಗ್ಲೂ ಬಲಗೈ ಹಾಕಿ ಆ ಕಡೆಯಿಂದಾನೇ ಜಾಕ್ ತೆಗೀತಿದ್ರು. ಕಾರು ಹೊಸದಾಗಿ ಬಂದಾಗಿಂದ ನಾನು ನೋಡಿದ್ದೀನಿ.”

“ನೆನಪು ದಾಖಲೆಯಲ್ಲ ಕಣೇ.”

ಮೂರನೆಯ ವರ್ಷ ಎಂಬತ್ತೊಂಬತ್ತು. ಒಂದೇ ಒಂದು ಅಂಕ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹಾರ್ನಿನ ತಂತಿಯ ಬಣ್ಣ ಒಂದು ಛಾಯೆ ಗಾಢವಾಗಿತ್ತಂತೆ.

ಆ ವರ್ಷವೇ ಪೇಟೆಯ ಇಳಿಜಾರಿನಲ್ಲಿ ಬ್ರೇಕು ಕೈಕೊಟ್ಟಿತು. ಎಡಸೀಟಿನಲ್ಲಿ ಹೆಂಡತಿ ಇದ್ದರು. ಇವರು ತುಳಿದ ಪೆಡಲು ನೆಲ ಮುಟ್ಟಿದರೂ ಕಾರು ತನ್ನ ಪಾಡಿಗೆ ತಾನು ಇಳಿಯಿತು. ಪುಣ್ಯಕ್ಕೆ ಕೆಳಗೆ ಪ್ಲಾಸ್ಟಿಕ್ ಬಕೆಟ್ಟಿನ ಅಂಗಡಿ. ನೀಲಿ, ಕೆಂಪು, ಹಸಿರು ಬಕೆಟ್ಟುಗಳ ರಾಶಿಯೊಳಗೆ ಕಾರು ಮುಖ ಹುದುಗಿಸಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಇವರು ಧಡಾರನೆ ಇಳಿದು ಓಡಿಹೋಗಿ ಬಂಪರ್ ಸವರಿ ನೋಡಿದರು.

ಹೆಂಡತಿ ತಲೆಯ ಮೇಲಿನ ಬಕೆಟ್ಟು ತೆಗೆದಿಟ್ಟು, ತಾವಾಗಿ ಇಳಿದು, ನಡೆದುಕೊಂಡು ಮನೆಗೆ ಹೋದರು. ಸಂಜೆ ಒಂದೇ ಮಾತು ಹೇಳಿದರು: “ದೇವರು ದೊಡ್ಡವನು, ಅಂಗಡಿ ಅಡ್ಡ ಇಟ್ಟಿದ್ದ. ನೀವು ಮಾತ್ರ ಮೊದಲು ಬಂಪರ್ ನೋಡಿದ್ರಿ. ಹೊಸ ಬ್ರೇಕ್ ಹಾಕಿಸೋವರೆಗೆ ನಾನು ಆ ಕಾರು ಹತ್ತಲ್ಲ.”

ಹೊಸ ಬ್ರೇಕೆಂದರೆ ಡಿಸ್ಕ್ ಬ್ರೇಕು. ಮೆಕ್ಯಾನಿಕ್ ಕೂಡ ಅದನ್ನೇ ಹೇಳಿದ. “ಸಾರ್, ಈ ಹಳೇ ಡ್ರಮ್ ಸವೆದು ಹಪ್ಪಳ ಆಗಿದೆ. ಡಿಸ್ಕ್ ಹಾಕ್ತೀನಿ, ಒಂದು ಬೆರಳಲ್ಲಿ ಒತ್ತಿದ್ರೆ ನಿಲ್ಲುತ್ತೆ.” ಆದರೆ ಕೈಪಿಡಿಯಲ್ಲಿ ಬ್ರೇಕಿಗೆ ಆರು ಅಂಕ. ಡಿಸ್ಕ್ ಹಾಕಿದರೆ ಆರೂ ಹೋಯಿತು, ಪತ್ರದ ಆಸೆಯೂ ಹೋಯಿತು. ಇವರು ಹಳೆಯದಕ್ಕೇ ತೇಪೆ ಹಾಕಿಸಿ ತಂದರು.

“ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು,” ಎಂದು ಮೆಕ್ಯಾನಿಕ್ ಸ್ಪ್ಯಾನರಿಗೆ ಹೇಳಿದ. ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿಯೇ ಹೇಳಿದ.

ಅಲ್ಲಿಂದ ಎಡಸೀಟು ಖಾಲಿ. ಮೂಲಪ್ರತಿಯವರು ಒಬ್ಬರೇ ಕಾರಿನಲ್ಲಿ ಹೋಗಿ ತರಕಾರಿ ತಂದರು, ಒಬ್ಬರೇ ಗೆಳೆಯರ ಮನೆಗೆ ಹೋದರು. ಗೇರು ಬದಲಿಸುವಾಗಲೆಲ್ಲ ಕೈ ಖಾಲಿ ಸೀಟಿಗೆ ತಾಗುತ್ತಿತ್ತು. ಇಬ್ಬರೂ ಹಟಮಾರಿಗಳು. ಪತ್ರ ಕೈಗೆ ಬಂದ ಮರುದಿನವೇ ಬ್ರೇಕು ಹಾಕಿಸಿ ಅವಳನ್ನು ಕೂರಿಸಿಕೊಳ್ಳುತ್ತೇನೆ ಎಂದು ಇವರು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದರು. ಆ ಲೆಕ್ಕವನ್ನು ಅವಳಿಗೆ ಹೇಳಿದ್ದರೆ ಚೆನ್ನಾಗಿತ್ತು. ಗಂಡಸರು ಮನಸ್ಸಿನೊಳಗೆ ಮಾಡುವ ಒಳ್ಳೆಯ ಕೆಲಸಗಳಿಗೆ ಕೊನೆಯೇ ಇಲ್ಲ.

ನಾಲ್ಕನೆಯ ಪರೀಕ್ಷೆಗೆ ಮೂರು ವಾರ ಇರುವಾಗ ಹೆಂಡತಿಯ ಅಕ್ಕ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಅವರ ಮನೆ ಗುಡ್ಡದ ಆಚೆ, ಎರಡು ಬಸ್ಸಿನ ದಾರಿ. ಗಂಡ ಮಕ್ಕಳಿಲ್ಲದ ಜೀವ. ತಂಗಿ ದಿನ ಬಿಟ್ಟು ದಿನ ಹೋಗಿ ಸ್ನಾನ ಮಾಡಿಸಿ, ಊಟ ಕೊಟ್ಟು ಬರಬೇಕಾಯಿತು. ತಂಗಿಯ ಮಂಡಿಗಳೂ ಮೊದಲಿನ ಹಾಗಿರಲಿಲ್ಲ.

“ಕಾರಲ್ಲಿ ಬಿಡ್ತೀನಿ ಬಾರೆ.”

“ಬ್ರೇಕ್ ಹಾಕಿಸಿದ್ರಾ?”

“ಮೂರು ವಾರ ತಡಿ. ಪರೀಕ್ಷೆ ಮುಗೀಲಿ.”

“ಹಾಗೇ ಆಗ್ಲಿ. ಅಕ್ಕನ ಸೊಂಟಕ್ಕೂ ಹೇಳ್ತೀನಿ, ಪರೀಕ್ಷೆ ಮುಗಿಯೋವರೆಗೆ ಸ್ವಲ್ಪ ತಡಕೊಳಪ್ಪಾ ಅಂತ.” ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟರು. ಗೇಟಿನ ಹತ್ತಿರ ತಿರುಗಿ ಮತ್ತೊಂದು ಮಾತು ಬಿಟ್ಟರು: “ಮೊದಲು ಮಾಡಿದ ಹಾಗೇ ಇರ್ಲಿ ಅಂತ ಆ ದೇವರೂ ನಮ್ಮನ್ನ ಬಿಟ್ಟಿಲ್ಲ. ದಿನಾ ಒಂದಲ್ಲ ಒಂದು ರಿಪೇರಿ ಮಾಡ್ತಾನೇ ಇರ್ತಾನೆ. ನೀವು ಅವನಿಗಿಂತ ದೊಡ್ಡೋರು.”

ಆ ಮಧ್ಯಾಹ್ನ ಇವರು ಕೈಪಿಡಿ ಹಿಡಿದು ಕಾರಿನ ಒಂದೊಂದು ಭಾಗವನ್ನೂ ತಾಳೆ ನೋಡಲು ಕುಳಿತರು. ತಾಳೆ ನೋಡಲು ಇಬ್ಬರು ಬೇಕು. ಓದುವವಳು ಬಸ್ಸಿನಲ್ಲಿ. ಒಬ್ಬರೇ ಮಾಡಬೇಕಾದ್ದರಿಂದ ಕೆಲಸ ನಿಧಾನವಾಯಿತು, ನಿಧಾನವಾದ್ದರಿಂದ ಭೂತಗನ್ನಡಿ ಬಂತು. ಡಿಕ್ಕಿಯ ಚಿತ್ರದ ಮೇಲೆ ಗಾಜು ಹಿಡಿದಾಗ ಸ್ಟೆಪ್ನಿ ಟಯರಿನ ಮೇಲಿನ ಸಣ್ಣ ಅಂಕಿಗಳು ದೊಡ್ಡವಾದವು. ಅವು ಯಾವ ಭಾಷೆಯ ಅಂಕಿಗಳೋ ತಿಳಿಯಲಿಲ್ಲ. ಕಣ್ಣುಜ್ಜಿಕೊಂಡು ಮತ್ತೆ ನೋಡಿದರು. ಅಂಕಿಗಳು ಹಿಂದುಮುಂದಾಗಿದ್ದವು.

ಎದ್ದು ಒಳಗೆ ಹೋಗಿ ಹೆಂಡತಿಯ ಬೀರುವಿನ ಕನ್ನಡಿಗೆ ಪುಸ್ತಕ ಹಿಡಿದರು. ಕನ್ನಡಿಯಲ್ಲಿ ಅಂಕಿಗಳು ಮುತ್ತು ಪೋಣಿಸಿದ ಹಾಗೆ ನೆಟ್ಟಗೆ ನಿಂತವು. ಜಾಕ್ ಬಲಕ್ಕೆ ಹೋಯಿತು.

ಅಚ್ಚು ಹಾಕುವಾಗ ಚಿತ್ರದ ಎಡಬಲ ಅದಲುಬದಲಾಗಿತ್ತು, ಅಷ್ಟೇ. ಒಂದು ಚಿತ್ರ ತಿರುಗಿದ್ದಕ್ಕೆ ಇಪ್ಪತ್ತಾರು ಡಿಕ್ಕಿಗಳಿಗೆ ತೂತು ಬಿದ್ದಿತ್ತು. ಇವರು ಶೆಡ್ಡಿಗೆ ಬಂದು ತಮ್ಮ ಡಿಕ್ಕಿ ತೆರೆದರು. ಬಲಗೋಡೆಯಲ್ಲಿ ತಾವೇ ಪುಟ್ಟಿ ತುಂಬಿ ಮುಚ್ಚಿದ್ದ ಕಾರ್ಖಾನೆಯ ತೂತುಗಳು. ಎಡಗೋಡೆಯಲ್ಲಿ ತಾವೇ ಕೊರೆಸಿದವು, ಸುತ್ತ ತುಕ್ಕಿನ ಉಂಗುರ. ಜೀವನವಿಡೀ ಊರವರ ಕಾಗದದಲ್ಲಿ ತಪ್ಪು ಹುಡುಕಿದವರು ತಮ್ಮ ಕೈಯಾರೆ ಅಸಲನ್ನು ಕೆಡಿಸಿ ನಕಲು ಮಾಡಿಟ್ಟಿದ್ದರು. ಅದೂ ಕಣ್ಣಾರೆ ಕಂಡ ಸಾಕ್ಷಿ ಬಾಗಿಲಲ್ಲೇ ನಿಂತು ಬೇಡ ಅನ್ನುತ್ತಿದ್ದಾಗ.

ಪುಸ್ತಕ ಕಂಕುಳಲ್ಲಿಟ್ಟು ಹಲ್ಲಿನ ಡಾಕ್ಟರ ಬಳಿಗೆ ಹೋದರು. ಕೆನ್ನೆ ಊದಿದವರ ಸಾಲಿನಲ್ಲಿ ಮುಕ್ಕಾಲು ಗಂಟೆ ಕೂತರು. ಒಳಗೆ ಕರೆದಾಗ ಕುರ್ಚಿಯಲ್ಲಿ ಒಬ್ಬ ದಪ್ಪ ಮನುಷ್ಯ ಬಾಯಿ ತೆರೆದು ಮಲಗಿದ್ದ. ಡಾಕ್ಟರು ಬಾಯಿಯೊಳಗಿನ ಕನ್ನಡಿಯನ್ನೇ ತೆಗೆದು, ಒರೆಸಿ, ಚಿತ್ರಕ್ಕೆ ಹಿಡಿದು ನೋಡಿದರು.

“ಹೌದಲ್ರೀ. ತಿರುಗಿದೆ.”

“ಹಾಗಾದ್ರೆ ಎಲ್ಲರಿಗೂ ತಿಳಿಸಿ ಕೈಪಿಡಿ ತಿದ್ದೋಣ ಡಾಕ್ಟ್ರೇ.”

“ತಿದ್ದೋದಾ?” ಡಾಕ್ಟರು ಬಾಗಿಲು ಮುಚ್ಚಿಬಂದರು. “ಇಪ್ಪತ್ತಾರು ಜನ ಕೊರೆಸಿದ್ದಾರೆ ಸಾರ್. ನಾನೇ ಮುಂದೆ ನಿಂತು ಕೊರೆಸಿದ್ದೀನಿ. ಒಂಬತ್ತು ಜನಕ್ಕೆ ಪತ್ರ ಕೊಟ್ಟಾಗಿದೆ. ಈಗ ಬಲಗಡೆ ಅಂದ್ರೆ ನನ್ನ ಮುಖ ಎಲ್ಲಿಡ್ಲಿ? ನೋಡಿ, ಕಾರ್ಖಾನೆಗೆ ಬಲ ಇರಬಹುದು. ನಮ್ಮ ಸಂಘಕ್ಕೆ ಎಡಾನೇ ಒರಿಜಿನಲ್.”

“ಇದೇನು ಡಾಕ್ಟ್ರೇ, ಹಿಡಿದ ಮೊಲಕ್ಕೆ ಮೂರೇ ಕಾಲು ಅಂದ ಹಾಗಾಯ್ತು.”

“ಮೂರು ಕಾಲಿನ ಮೊಲ ಇಪ್ಪತ್ತಾರು ಇದ್ರೆ, ನಾಲ್ಕು ಕಾಲಿಂದೇ ತಪ್ಪು.”

ಕುರ್ಚಿಯಲ್ಲಿದ್ದವನು “ಆಂ... ಆಂ...” ಎಂದ. ಬಾಯಿ ಮುಚ್ಚಲೇ ಎಂದು ಕೇಳಿದ್ದಿರಬೇಕು.

“ನೋಡಿ, ಇವ್ರೂ ಒಪ್ಪಿದ್ರು,” ಎಂದರು ಡಾಕ್ಟರು.

ಮೂಲಪ್ರತಿಯವರು ಬೀದಿಗೆ ಬಂದಾಗ ಕಾಲು ಎತ್ತ ಹೋಗುತ್ತಿದೆಯೆಂಬ ಎಚ್ಚರವಿರಲಿಲ್ಲ. ಬಸ್ ನಿಲ್ದಾಣದ ಹತ್ತಿರ ಬಂದಿದ್ದರು. ಅಷ್ಟರಲ್ಲಿ ಗುಡ್ಡದ ಬಸ್ಸು ಬಂದು ನಿಂತಿತು. ತುಂಬಿದ ಬಸ್ಸಿನ ಬಾಗಿಲಿನಿಂದ ಒಬ್ಬ ಹೆಂಗಸು ಹಿಂದುಮುಂದಾಗಿ, ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಮೆಟ್ಟಿಲಿಗೊಮ್ಮೆ ನಿಂತು ಉಸಿರು ಬಿಡುತ್ತಾ ಇಳಿಯುತ್ತಿದ್ದಳು. “ಬೇಗ ಇಳೀರಮ್ಮಾ, ಬಸ್ಸೇನು ಏಣೀನಾ?” ಎಂದು ಕಂಡಕ್ಟರು ಕೂಗಿದ. ಕೊನೆಯ ಮೆಟ್ಟಿಲಿನಿಂದ ನೆಲ ಸಿಗದೆ ಅವಳ ಕಾಲು ಗಾಳಿಯಲ್ಲಿ ತಡಕಾಡಿತು. ಆ ಚಪ್ಪಲಿಯನ್ನು ನೋಡಿದ ಮೇಲೆ ಅದು ತಮ್ಮ ಹೆಂಡತಿ ಎಂದು ಇವರಿಗೆ ಗೊತ್ತಾಯಿತು. ಅವಳು ಬಸ್ಸು ಇಳಿಯುವುದನ್ನು ಅವರು ಇದುವರೆಗೂ ನೋಡಿರಲೇ ಇಲ್ಲ.

ಓಡಿಹೋಗಿ ರಟ್ಟೆ ಹಿಡಿದು ಇಳಿಸಿಕೊಂಡರು. ಚೀಲ ಕಸಿದುಕೊಂಡರು. ಅರ್ಧ ದಾರಿ ನಡೆದರು.

“ಜಾಕ್ ಬಲಗಡೇನೇ ಇತ್ತು,” ಎಂದರು ಕೊನೆಗೆ.

“ಹೂಂ.”

“ನೀನು ಅವತ್ತೇ ಹೇಳಿದ್ದೆ.”

“ನಾನು ಹೇಳಿದ್ದಕ್ಕೆ ಸೀಲ್ ಇರ್ಲಿಲ್ವಲ್ಲ.”

ಮರುದಿನ ಕಾರು ಮೆಕ್ಯಾನಿಕ್‌ನ ಶೆಡ್ಡಿನಲ್ಲಿತ್ತು. ಅವನು ಎರಡು ಸಲ ಕೇಳಿದ: “ಡಿಸ್ಕೇ ತಾನೆ ಸಾರ್? ಆಮೇಲೆ ಸಂಘದೋರು ಹಾಗಂದ್ರು ಹೀಗಂದ್ರು ಅಂತ ನನ್ನ ತಲೆ ತಿನ್ನಬಾರ್ದು.”

“ಹಾಕಪ್ಪ. ಸೀಟಿಗೆ ಬೆಲ್ಟೂ ಹಾಕು. ಎಡಗಡೆಗೆ ಮೊದಲು.”

ಬಿಡಿಭಾಗ ಬಂದು ಕೆಲಸ ಮುಗಿಯಲು ಎರಡೂವರೆ ವಾರ ಹಿಡಿಯಿತು. ಹೊಸ ಬ್ರೇಕಿನ ಪರೀಕ್ಷೆ ಪೇಟೆಯ ಇಳಿಜಾರಿನಲ್ಲೇ ನಡೆಯಿತು. ಕಾರು ಮೇಲಿಂದ ಬರುವುದನ್ನು ಕಂಡ ಬಕೆಟ್ ಅಂಗಡಿಯವನು ಗಿರಾಕಿಯನ್ನೂ ಬಿಟ್ಟು, ಕೈಗೆ ಸಿಕ್ಕಷ್ಟು ಬಕೆಟ್ಟು ಎತ್ತಿಕೊಂಡು ಒಳಗೆ ಓಡಿದ. ಕಾರು ಅಂಗಡಿಗೆ ಹತ್ತು ಮಾರು ದೂರದಲ್ಲಿ, ಹೇಳಿದ ಮಾತು ಕೇಳುವ ಮಗುವಿನ ಹಾಗೆ ನಿಂತಿತು. ಅಂಗಡಿಯವನು ಒಂದು ಬಕೆಟ್ಟಿನ ಹಿಂದಿನಿಂದ ಇಣುಕಿದ. “ನಿಂತಿದ್ದು ನೀವಾ, ಕಾರಾ?”

ಅಂದು ಸಂಜೆ ಅವರು ಸಂಘದ ಎಲ್ಲ ಸದಸ್ಯರಿಗೂ ಒಂದು ಪುಟದ ಕಾಗದ ಬರೆದರು. ಚಿತ್ರ ಹೀಗಿದೆ, ಟಯರಿನ ಅಂಕಿ ಹೀಗಿದೆ, ಕನ್ನಡಿ ಹಿಡಿದು ನೋಡಿಕೊಳ್ಳಿ. ಯಾರನ್ನೂ ಬೈಯಲಿಲ್ಲ. ಹೆಂಡತಿ ಗಟ್ಟಿಯಾಗಿ ಓದಿದರು, ಇವರು ಬೆರಳಿಟ್ಟು ನೋಡಿದರು. ಅಂಚೆಗೆ ಹಾಕಿದರು.

ಪರೀಕ್ಷೆಯ ಭಾನುವಾರ ಅವರ ಕಾರು ಶಾಲೆಯ ಮೈದಾನದಲ್ಲಿರಲಿಲ್ಲ. ಗುಡ್ಡದ ತಿರುವುಗಳಲ್ಲಿ ಇಳಿಯುತ್ತಿತ್ತು. ಎಡಸೀಟಿನಲ್ಲಿ ಹೆಂಡತಿ ಮಡಿಲ ಮೇಲೆ ಊಟದ ಡಬ್ಬಿ ಇಟ್ಟುಕೊಂಡು, ಮೊದಲ ಮೂರು ತಿರುವಿಗೆ ಕಣ್ಣು ಮುಚ್ಚಿ ದೇವರ ನಾಮ ಹೇಳಿದರು. ನಾಲ್ಕನೆಯದಕ್ಕೆ ಕಣ್ಣು ಬಿಟ್ಟರು. ಐದನೆಯದಕ್ಕೆ “ಸ್ವಲ್ಪ ಜೋರಾಗಿ ಹೋಗ್ರೀ, ಅಕ್ಕ ಕಾಯ್ತಿರ್ತಾಳೆ,” ಎಂದರು.

ಮುಂದಿನ ಭಾನುವಾರ ಬೆಳಿಗ್ಗೆ ಇಬ್ಬರೂ ಹೊರಟು ಕಾರಿನಲ್ಲಿ ಕುಳಿತಿದ್ದರು. ಅಷ್ಟರಲ್ಲಿ ಹಲ್ಲಿನ ಡಾಕ್ಟರು ಬಂದರು. ಹಳೆ ಕಾರಿನಲ್ಲಲ್ಲ. ದಿನನಿತ್ಯದ ಓಡಾಟಕ್ಕೆ ಅವರು ಇಟ್ಟುಕೊಂಡದ್ದು ಹಿಂದೆ ಕ್ಯಾಮೆರಾ ಇರುವ, ತಾನೇ ಬ್ರೇಕು ಹಾಕಿಕೊಳ್ಳುವ ಹೊಚ್ಚ ಹೊಸ ಕಾರು. ಅದನ್ನು ಗೇಟಿಗೆ ಅಡ್ಡ ನಿಲ್ಲಿಸಿ, ಕೈಯಲ್ಲೊಂದು ಲಕೋಟೆ ಹಿಡಿದು ಒಳಗೆ ಬಂದರು. ಮೂಲಪ್ರತಿಯವರು ಇಳಿದರು.

“ನೀವು ಬರ್ಲೇ ಇಲ್ವಲ್ಲ ಸಾರ್ ಮೊನ್ನೆ. ಪರವಾಗಿಲ್ಲ, ನಿಮ್ಮ ಕಾರು ನನಗೆ ಗೊತ್ತಿಲ್ವಾ? ತೊಂಬತ್ತೊಂದು ಹಾಕಿದ್ದೀನಿ.” ಲಕೋಟೆಯಿಂದ ಪತ್ರ ಹೊರಬಂತು. ಚಿನ್ನದ ಅಂಚು ಬಿಸಿಲಿಗೆ ಮಿಂಚಿತು. ಕಾರಿನ ನಂಬರು, ಅವರ ಪೂರ್ತಿ ಹೆಸರು, ಕೆಂಪು ಮೊಹರು, ಎಲ್ಲ ಇದ್ದವು.

“ಬ್ರೇಕ್ ಬದಲಾಯಿಸಿದ್ದೀನಿ ಡಾಕ್ಟ್ರೇ.”

“ಕೇಳಿದೆ. ಚಕ್ರದ ಒಳಗಿರೋದನ್ನ ಯಾರು ಬಿಚ್ಚಿ ನೋಡ್ತಾರೆ? ಆ ಕಾಲಂ ನಾನು ನೋಡೇ ಇಲ್ಲ ಅಂದ್ಕೊಳಿ. ನಿಮಗೋಸ್ಕರ ಇಷ್ಟೂ ಮಾಡದಿದ್ರೆ ಹೇಗೆ? ನೀವೂ ಒಂದು ಸಾಲು ಬರೆದುಕೊಟ್ಟುಬಿಡಿ, ಚಿತ್ರ ಸರಿಯಾಗೇ ಇದೆ, ನೋಡಿದ್ದರಲ್ಲಿ ತಪ್ಪಾಯ್ತು ಅಂತ. ನಿಮ್ಮ ಕಾಗದ ಹೋದಾಗಿಂದ ಒಬ್ಬೊಬ್ಬರೂ ಮನೇಲಿ ಕನ್ನಡಿ ಹಿಡ್ಕೊಂಡು ಕೂತಿದ್ದಾರೆ.”

ಪತ್ರ ಇವರ ಕಣ್ಣಿನ ಮುಂದೆಯೇ ಇತ್ತು. ಬಲಗೈ ತಾನಾಗಿಯೇ ಎದ್ದು, ಬೆವರು ಒರೆಸಿಕೊಳ್ಳಲು ಪ್ಯಾಂಟಿಗೆ ತಾಗಿತು. ನಾಲ್ಕು ವರ್ಷದ ಆಸೆ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಮೊಹರಿನ ಮೇಲೆ ಅವರ ದೃಷ್ಟಿ ಒಂದು ಗಳಿಗೆ ನಿಂತೇ ಬಿಟ್ಟಿತು. ಕಾರಿನೊಳಗಿನಿಂದ ಹೆಂಡತಿ ಬೆಲ್ಟಿನ ಕೊಕ್ಕೆ ಸಿಕ್ಕಿಸಿಕೊಂಡ ‘ಟಕ್’ ಎಂಬ ಸದ್ದು ಕೇಳಿಸಿತು.

ಎತ್ತಿದ ಕೈಯನ್ನು ಅವರು ಜೇಬಿಗೆ ಹಾಕಿ ಕಾರಿನ ಕೀಲಿ ತೆಗೆದರು.

“ಬೇಡ ಡಾಕ್ಟ್ರೇ. ಇಷ್ಟು ದೂರ ಬಂದಿದ್ದೀರಿ, ಬೇಜಾರು ಮಾಡ್ಕೊಬೇಡಿ. ಅದನ್ನ ಹಾಗೇ ವಾಪಸ್ ತಗೊಂಡು ಹೋಗಿ. ನಮಗೆ ಹೊತ್ತಾಯ್ತು, ಅವಳ ಅಕ್ಕನಿಗೆ ಸ್ನಾನಕ್ಕೆ ತಡ ಆಗುತ್ತೆ. ಒಂಚೂರು ನಿಮ್ಮ ಕಾರು ಹಿಂದೆ ತಗೋತೀರಾ?”